ಗೌರಿಯ ಹೆಸರಿನಲ್ಲಿ ನನ್ನ ಜೊಲ್ಲು

ಗೌರಿ ಎಂಬ ಆನೆಯ ಜೊಲ್ಲು ಎಂದು ಹೇಳಿ ನಾನು ಪ್ರಯೋಗಾಲಯಕ್ಕೆ ಕಳಿಸಿದ್ದು ನನ್ನ ಬಾಯಿಯ ಜೊಲ್ಲನ್ನು. ಒಂದು ಸಲ ಅಲ್ಲ — ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಜಗಳೂರಿನಲ್ಲಿ, ಬೆಳಗಾದರೆ ಅದೇ ಕೆಲಸ. ಪರೀಕ್ಷೆ ಮಾಡಿದವರು, ಈ ಆನೆ ಒಳಗೊಳಗೇ ಬಹಳ ಸಂಕಟಪಡುತ್ತಿದೆ ಎಂದರು. ಆ ಮಾತನ್ನು ನಂಬಿ ಗೌರಿಯನ್ನು, ಅವಳನ್ನು ಸಾಕಿದ ಗಿರಿಜಕ್ಕನಿಂದ ಬಿಡಿಸಿ ದೂರದ ಊರಿಗೆ ಸಾಗಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನಿಜ ಹೇಳಲಿಲ್ಲ.

ಒಪ್ಪಿಕೊಳ್ಳಬೇಕಾದದ್ದು ಇಷ್ಟೇ. ಓದುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಹೀಗೆ ಚುಟುಕಾಗಿ ಒಪ್ಪಿಕೊಳ್ಳುವುದರಲ್ಲೂ ಒಂದು ಜಾಣತನವಿದೆ — ತಪ್ಪು ಮಾತ್ರ ಕಾಣುತ್ತದೆ, ತಪ್ಪು ಮಾಡಿದವನು ಎಂಥ ಪುಕ್ಕಲ, ಎಂಥ ನಗೆಪಾಟಲಿನ ಮನುಷ್ಯ ಎಂಬುದು ಮರೆಯಾಗಿಬಿಡುತ್ತದೆ. ಅದೂ ಕಾಣಲಿ.

ನಾನು ಹುಟ್ಟಾ ಚಿಂತೆಗಾರ. ಬಸ್ಸು ಹತ್ತಿದರೆ ಇಳಿಯಬೇಕಾದ ಊರು ದಾಟಿಹೋಯಿತೇನೋ ಎಂಬ ಚಿಂತೆ, ಇಳಿದ ಮೇಲೆ ಮುಂಚೆಯೇ ಇಳಿದುಬಿಟ್ಟೆನೇನೋ ಎಂಬ ಚಿಂತೆ. ಮದುವೆಯಲ್ಲಿ ತಾಳಿಯ ಗಂಟು ಸಡಿಲವಾಯಿತೇ ಎಂದು ಹೆಂಡತಿಯ ಕತ್ತಿನ ಹಿಂದಕ್ಕೆ ಬಗ್ಗಿಬಗ್ಗಿ ನೋಡಿ ಪುರೋಹಿತರಿಂದ ಗದರಿಸಿಕೊಂಡವನು. ಇಂಥವನನ್ನು ಆನೆಯ ಬಾಯಿಗೆ ಕೈ ಹಾಕುವ ಕೆಲಸಕ್ಕೆ ಆರಿಸಿದರು ಎಂದರೆ, ಅದು ಆರಿಸಿದವರ ತಪ್ಪಲ್ಲ. ಹೆದರಿಕೆಯನ್ನು ಗಾಂಭೀರ್ಯವೆಂದು ತೋರಿಸಿಕೊಳ್ಳುವ ವಿದ್ಯೆ ನನಗೆ ಚಿಕ್ಕಂದಿನಿಂದಲೂ ಒಲಿದಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಶುವೈದ್ಯ ಕಾಲೇಜೊಂದರ ಪ್ರೊಫೆಸರರ ಕೈಕೆಳಗೆ ನಾನು ಸಂಶೋಧನಾ ಸಹಾಯಕ. ಕೆಲಸ ಕಾಯಂ ಆಗಿರಲಿಲ್ಲ — ಚಿಂತೆಗೆ ಅದೂ ಒಂದು ಕಾರಣ. ಪ್ರೊಫೆಸರರು ಒಳ್ಳೆಯವರು, ಪ್ರಾಣಿಗಳೆಂದರೆ ನಿಜವಾಗಿ ಮರುಗುವವರು. ಭಯವಾದಾಗ, ಸಂಕಟವಾದಾಗ ಮೈಯಲ್ಲಿ ಒಂದು ಹಾರ್ಮೋನು ಏರುತ್ತದೆ. ರಕ್ತದಲ್ಲಿ ಏರಿದ್ದು ಚೂರುಪಾರು ಜೊಲ್ಲಿಗೂ ಇಳಿಯುತ್ತದೆ. ಅದನ್ನು ಅಳೆದರೆ ಮೂಕಪ್ರಾಣಿಯ ಮನಸ್ಸು ತಿಳಿಯಬಹುದು ಎನ್ನುವುದು ಅವರ ಕನಸು. "ರಕ್ತ ತೆಗೆಯೋಕೆ ಸೂಜಿ ಚುಚ್ಚಬೇಕು. ಸೂಜಿ ಕಂಡರೇ ಪ್ರಾಣಿಗೆ ಗಾಬರಿ. ನಾವೇ ಹುಟ್ಟಿಸಿದ ಗಾಬರಿಯನ್ನ ನಾವೇ ಅಳೆದು ಏನು ಸುಖ? ಜೊಲ್ಲಾದರೆ ಯಾರಿಗೂ ನೋವಿಲ್ಲ" ಎನ್ನುತ್ತಿದ್ದರು. ಯಾರಿಗೂ ನೋವಿಲ್ಲ — ಆ ಮಾತು ನೆನಪಾದಾಗಲೆಲ್ಲ…

ಆ ದಿನಗಳಲ್ಲಿ ನಮ್ಮ ಕಡೆ ಒಂದು ಸಂಚಾರಿ ಮೃಗಾಲಯ ತಿರುಗುತ್ತಿತ್ತು. ಜನ ಅದಕ್ಕೆ 'ಜೂ' ಎಂದೇ ಹೇಳುತ್ತಿದ್ದರು. ಹಲ್ಲುದುರಿದ ಒಂದು ಸಿಂಹ, ಒಂದು ಕರಡಿ, ಕತ್ತೆಕಿರುಬ, ಒಂದಷ್ಟು ಗಿಳಿ, ನವಿಲು. ಎಲ್ಲಕ್ಕಿಂತ ಮುಖ್ಯವಾಗಿ ಎರಡು ಹೆಣ್ಣಾನೆಗಳು — ದೊಡ್ಡವಳು ಗೌರಿ, ಚಿಕ್ಕವಳು ಚಂಪಾ. ಊರಿಂದೂರಿಗೆ ಅಲೆಯುವ ಬಾಳು ಆನೆಗೆ ಹಿಡಿಸುತ್ತದೋ ಇಲ್ಲವೋ ಎಂದು ನೋಡಲು ಪ್ರೊಫೆಸರರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಚನ್ನಗಿರಿಯಿಂದ ಜಗಳೂರಿನವರೆಗೆ ಅವರ ಜೊತೆ ತಿರುಗಿ, ದಿನಾ ಬೆಳಿಗ್ಗೆ ಮೇವು ಹಾಕುವ ಮುಂಚೆ ಎರಡೂ ಆನೆಗಳ ನಾಲಿಗೆಯ ಕೆಳಗೆ ಹತ್ತಿ ಇಟ್ಟು, ಒದ್ದೆಯಾದ ಮೇಲೆ ಗಾಜಿನ ಸೀಸೆಗೆ ಹಿಂಡಿ, ಐಸ್‌ ಕ್ಯಾಂಡಿ ಮಾಡುವವರ ಹತ್ತಿರ ಮಂಜುಗಡ್ಡೆ ಕೊಂಡು ಥರ್ಮಾಸಿನಲ್ಲಿ ತುಂಬಿ, ಬಸ್ಸಿನಲ್ಲಿ ಕಳಿಸುವುದು ನನ್ನ ಕೆಲಸ.

ಹೊರಡುವಾಗ ಪ್ರೊಫೆಸರರು ಭುಜದ ಮೇಲೆ ಕೈಯಿಟ್ಟು ಹೇಳಿದರು: "ನೋಡಯ್ಯ, ಸಾಕಿದವರ ಕೈಗೆ ಮಾತ್ರ ಹತ್ತಿ ಕೊಡಬೇಡ. ಅವರಿಗೆ ಪ್ರಾಣಿ ಮೇಲೆ ಪ್ರೀತಿ. ಪ್ರೀತಿ ಇದ್ದಲ್ಲಿ ಮೋಸ ನುಸುಳುತ್ತೆ. ನಿನಗೆ ಆನೆ ಮೇಲೆ ಹಾಗೇನೂ ಇಲ್ಲವಲ್ಲ, ನಿನ್ನ ಕೈಯಿಂದಲೇ ತೆಗಿ."

ನನಗೆ ಆನೆಯ ಮೇಲೆ ಪ್ರೀತಿ ಇರಲಿಲ್ಲ, ನಿಜ. ಭಯ ಇತ್ತು. ಅದನ್ನು ಹೇಳಲಿಲ್ಲ.

ಆನೆಗಳನ್ನು ನೋಡಿಕೊಳ್ಳುತ್ತಿದ್ದವಳು ಗಿರಿಜಕ್ಕ. ಅವಳ ಗಂಡ ರುದ್ರಪ್ಪ ಆ ಜೂವಿನ ಲಾರಿ ಓಡಿಸುತ್ತಿದ್ದ. ಗೌರಿ ಮರಿಯಾಗಿ ಬಂದಾಗ ಬಾಟಲಿಯಲ್ಲಿ ಹಾಲು ಕುಡಿಸಿದ್ದರಿಂದ ಹಿಡಿದು ಎಲ್ಲವೂ ಗಿರಿಜಕ್ಕನದೇ. ಗಟ್ಟಿ ಬಾಯಿಯ ಹೆಂಗಸು, ಎಲೆಯಡಿಕೆಯಿಂದ ಸದಾ ಕೆಂಪಾದ ತುಟಿ, ಜಗಳ ಸಿಕ್ಕರೆ ಬಿಡುತ್ತಿರಲಿಲ್ಲ. ಚನ್ನಗಿರಿಯ ಸಂತೆ ಮೈದಾನದಲ್ಲಿ ಮೊದಲ ದಿನ ನನ್ನ ಹತ್ತಿ, ಸೀಸೆ, ಥರ್ಮಾಸುಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ ಸಾಹೇಬ್ರ, ಜೊಲ್ಲು ತಗಂಡು ಏನ್ ಮಾಡ್ತೀರಿ? ಉಂಡೆ ಕಟ್ತೀರೇನು?"

"ಆನೆ ಮನಸ್ಸಿಗೆ ಕಷ್ಟ ಇದೆಯೋ ಇಲ್ಲವೋ ಅಂತ ನೋಡ್ತಾರೆ ಅಕ್ಕಾ."

"ಜೊಲ್ಲಿನಾಗೆ ಕಾಣ್ತೈತೇನ್ರೀ ಅದು?"

"ಕಾಣುತ್ತೆ. ಹೊಸ ವಿಜ್ಞಾನ."

"ಹಂಗಾರೆ ನಮ್ಮ ಮನೆಯವರದೂ ಒಂದ್ ಸೀಸೆ ತಗಳ್ರಿ. ಮಾತಿಲ್ಲ ಕತೆಯಿಲ್ಲ, ಲಾರಿ ಇಂಜಿನ್ನಿನ ಹತ್ರ ಆಡಿದಷ್ಟು ಮಾತು ನನ್ ಹತ್ರ ಆಡಲ್ಲ. ಒಳಗೇನೈತೆ ಅಂತ ನನಗೂ ಗೊತ್ತಾಗ್ಲಿ."

ಲಾರಿಯ ಕೆಳಗಿನಿಂದ ರುದ್ರಪ್ಪನ ದನಿ ಬಂತು: "ಅವಳ್ದು ತಗಳಾಕೆ ಹೋಗಬ್ಯಾಡ್ರಿ ಸಾಹೇಬ್ರ, ಸೀಸೆ ಕೆಂಪಾಗ್ತೈತೆ."

ಅವತ್ತಿನಿಂದ ನಾನು ಆ ಬಿಡಾರಕ್ಕೆಲ್ಲ 'ಜೊಲ್ಲಿನ ಡಾಕ್ಟ್ರು'. ಚನ್ನಗಿರಿಯಲ್ಲಿ ಕೆಲಸ ಸುಸೂತ್ರ ನಡೆಯಿತು, ಏಕೆಂದರೆ ಗಿರಿಜಕ್ಕ ಪಕ್ಕದಲ್ಲಿ ನಿಂತಿರುತ್ತಿದ್ದಳು. "ಆ ಮಾಡವ್ವಾ, ಆ…" ಎಂದರೆ ಗೌರಿ ಸೊಂಡಿಲೆತ್ತಿ ಬಾಯಿ ತೆರೆಯುವಳು. ಬಿಸಿಯಾದ, ಒದ್ದೆಯಾದ, ಹುಲ್ಲಿನ ವಾಸನೆಯ ಗುಹೆ. ನಾನು ಕಣ್ಣು ಮುಚ್ಚಿಕೊಂಡು ಕೈ ಹಾಕಿ, ಹತ್ತಿ ಒತ್ತಿ, ಬೆರಳುಗಳೆಲ್ಲ ವಾಪಸು ಬಂದವೇ ಎಂದು ನೋಡಿಕೊಳ್ಳುತ್ತಿದ್ದೆ. ಅಲ್ಲಿಯವರೆಗಿನ ಸೀಸೆಗಳು ಪ್ರಾಮಾಣಿಕವಾದವು. ಇದನ್ನು ಹೇಳುವುದು ಸಮಾಧಾನಕ್ಕಲ್ಲ — ಆ ಸೀಸೆಗಳಲ್ಲಿ ಗೌರಿಯ ಅಂಕಿ ಕಡಿಮೆಯೇ ಇತ್ತು ಎನ್ನುವುದಕ್ಕೆ. ಆಮೇಲೆ ಏರಿತೆಂದು ಪ್ರೊಫೆಸರರು ಗಾಬರಿಯಾದದ್ದೇ ಈ ವ್ಯತ್ಯಾಸ ಕಂಡು.

ಹೊನ್ನಾಳಿಗೆ ಬಂದಾಗ ಗಿರಿಜಕ್ಕ ತ್ಯಾವಣಿಗೆಯಲ್ಲಿ ಯಾರೋ ನೆಂಟರ ಮದುವೆಗೆಂದು ಹೋಗಿದ್ದಳು. ಹೊಳೆಯ ದಂಡೆಯ ಹತ್ತಿರ ಬಿಡಾರ. ಬೆಳಿಗ್ಗೆ ಚಂಪಾಳದು ಮುಗಿಸಿ ಗೌರಿಯ ಹತ್ತಿರ ಹೋದೆ. "ಆ ಮಾಡವ್ವಾ" ಎಂದು ಗಿರಿಜಕ್ಕನ ಧಾಟಿಯಲ್ಲೇ ಅಂದೆ. ಅವಳು ಬಾಯಿ ತೆರೆಯಲಿಲ್ಲ. ಸೊಂಡಿಲನ್ನು ಮುಂದೆ ತಂದು ನನ್ನ ಮುಖ, ಹೆಗಲು ಎಲ್ಲ ಮೂಸಿ, ಕೊನೆಗೆ ಮಣಿಕಟ್ಟಿಗೆ ಸುತ್ತಿ ಹಿಡಿದುಕೊಂಡಳು.

ಎಳೆಯಲಿಲ್ಲ. ಹಿಂಡಲಿಲ್ಲ. ಹಿಡಿದುಕೊಂಡಳು, ಅಷ್ಟೆ. ಆದರೆ ನನ್ನ ತಲೆಯಲ್ಲಿ ಅಷ್ಟರಲ್ಲೇ ಎಲ್ಲ ಮುಗಿದುಹೋಗಿತ್ತು — ಕೈ ಕಿತ್ತುಬಂದು, ಊರಿಗೆ ತಂತಿ ಹೋಗಿ, ಹೆಂಡತಿ ಬಂದು, ಕಾಯಂ ಆಗದ ಕೆಲಸಕ್ಕೆ ಪರಿಹಾರ ಕೊಡುವುದಿಲ್ಲ ಎಂದು ಯಾರೋ ಹೇಳಿ… ರುದ್ರಪ್ಪ ಬಂದು ಗೌರಿಯ ಕಿವಿಯ ಹಿಂದೆ ತಟ್ಟಿದ. ಬಿಟ್ಟಳು.

"ಹೆದ್ರಬ್ಯಾಡ್ರಿ. ಗಿರಿಜಾ ಇಲ್ಲಲ್ಲ, ಅದಕ್ಕೆ ಯಾರ್ನಾರೂ ಹಿಡ್ಕಂತಾಳೆ" ಎಂದ. ಆ ಪ್ರವಾಸದಲ್ಲಿ ರುದ್ರಪ್ಪ ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

"ಹೆದರಿಕೆ ಯಾರಿಗೆ!" ಎಂದೆ. ಪಂಚೆ ಒದ್ದೆಯಾಗಿತ್ತು. ಹೊಳೆಯ ನೀರು ಎಂದುಕೊಳ್ಳಲಿ ಎಂದು ಸೀದಾ ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತೆ.

ಅಲ್ಲಿ ನಿಂತೇ ಆ ಯೋಚನೆ ಬಂದದ್ದು. ಸೀಸೆ ಖಾಲಿ ಇದೆ. ಥರ್ಮಾಸು ಬಸ್ಸಿಗೆ ಹೋಗಬೇಕು. ಖಾಲಿ ಸೀಸೆ ಕಳಿಸಿದರೆ ಯಾಕೆ ಎಂದು ಬರೆಯಬೇಕು. 'ಆನೆ ಕೈ ಹಿಡಿದುಕೊಂಡಿತು' ಎಂದು ಬರೆಯಲೇ? ರುದ್ರಪ್ಪನಿಗೆ ಹೇಳಿ ತೆಗೆಸಬಹುದಿತ್ತು — ಸಾಕಿದವರ ಕೈಗೆ ಕೊಡಬೇಡ ಎಂದು ಅಪ್ಪಣೆಯಾಗಿತ್ತಲ್ಲ. ಆ ಅಪ್ಪಣೆಯನ್ನು ಮೀರಲಿಲ್ಲ ನಾನು, ನೋಡಿ. ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ಬುದ್ಧಿಯಿದ್ದ ಕಳ್ಳನಾಗಿದ್ದರೆ ಚಂಪಾಳ ಜೊಲ್ಲನ್ನೇ ಎರಡು ಸೀಸೆಗೆ ಹಂಚುತ್ತಿದ್ದ. ಅದೂ ಹೊಳೆಯಿತು. ಆದರೆ ಎರಡಕ್ಕೂ ಒಂದೇ ಅಂಕಿ ಬಂದರೆ ಸಿಕ್ಕಿಬೀಳುತ್ತೇನಲ್ಲ ಎಂಬ ಚಿಂತೆ! ಹಾಗೆ ಹಂಚಿದ್ದರೆ ಎರಡೂ ಆನೆಗಳು ನೆಮ್ಮದಿಯಾಗಿವೆ ಎಂದು ಬರುತ್ತಿತ್ತು, ಗೌರಿ ಅಲ್ಲೇ ಉಳಿಯುತ್ತಿದ್ದಳು. ನನ್ನ ಮೋಸಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು ಆ ಮೋಸದಲ್ಲೂ ನಾನು ವಹಿಸಿದ ಎಚ್ಚರ.

ಒಂದು ಪೊದೆಯ ಮರೆಗೆ ಹೋದೆ. ಆನೆಯದು ನೊರೆನೊರೆ, ಹಸಿರು ಛಾಯೆ. ಮನುಷ್ಯನದು ಬರೀ ನೀರು. ಹಾಗಾಗಿ ಒಂದಿಷ್ಟು ಜೋಳದ ಗರಿ ಕಿತ್ತು ಬಾಯಿಗಿಟ್ಟು, ದನದ ಹಾಗೆ ಅಗಿದು, ಹತ್ತಿಯಲ್ಲಿ ಹೀರಿಸಿ, ಗೌರಿಯ ಹೆಸರಿನ ಸೀಸೆಗೆ ಹಿಂಡಿದೆ. ಡಿಗ್ರಿ ಪಡೆದ ಮನುಷ್ಯ, ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ದಂಟಿನ ಗರಿ ಮೇಯುತ್ತಿರುವುದನ್ನು ಹೊಳೆಯ ಆಚೆ ಬಟ್ಟೆ ಒಗೆಯುತ್ತಿದ್ದವರು ನೋಡಿದರೋ ಏನೋ. ನೋಡಿದ್ದರೂ ಯಾರಿಗೆ ಹೇಳುತ್ತಾರೆ, ಏನೆಂದು ಹೇಳುತ್ತಾರೆ?

ಒಂದು ದಿನಕ್ಕೆ ಮಾತ್ರ ಎಂದುಕೊಂಡಿದ್ದೆ. ಆದರೆ ಮಾರನೆಯ ದಿನ ಗೌರಿಯನ್ನು ಬಿಟ್ಟು ಸೀದಾ ಪೊದೆಯ ಮರೆಗೇ ನಡೆದೆ. ಹೊನ್ನಾಳಿಯಿಂದ ನ್ಯಾಮತಿಗೆ ಬಂದೆವು. ಗಿರಿಜಕ್ಕ ಮದುವೆಯ ಬುಂದಿ ಗಂಟು ಕಟ್ಟಿಕೊಂಡು ಬಂದು, ಮೊದಲ ಮುಷ್ಟಿ ಗೌರಿಯ ಬಾಯಿಗೆ, ಎರಡನೆಯದು ಚಂಪಾಳಿಗೆ, ಉಳಿದದ್ದು ನಮಗೆ ಕೊಟ್ಟಳು. ಆಗಲಾದರೂ ಸರಿಮಾಡಿಕೊಳ್ಳಬಹುದಿತ್ತು. ಆದರೆ ಈಗ ನಿಜವಾದ ಜೊಲ್ಲು ಕಳಿಸಿದರೆ ಅಂಕಿ ಏಕಾಏಕಿ ಬದಲಾಗಿ ಅನುಮಾನ ಬರುತ್ತದಲ್ಲ… ಹೀಗೆ. ಸುಳ್ಳು ಒಂದು ಸಲ ಧೈರ್ಯ ಕೇಳುತ್ತದೆ, ಆಮೇಲೆ ಶಿಸ್ತು ಮಾತ್ರ ಕೇಳುತ್ತದೆ. ಶಿಸ್ತಿನ ಮನುಷ್ಯ ನಾನು.

ನಸುಕಿನಲ್ಲಿ ಗಿರಿಜಕ್ಕ ನೀರು ತರಲು ಹೋದಾಗ ನನ್ನ ಕೆಲಸ ಮುಗಿಸಿಬಿಡುತ್ತಿದ್ದೆ. ಅವಳು ವಾಪಸು ಬಂದು, ಮೇವಿನ ಹೊರೆ ಬಿಚ್ಚುವ ಮುಂಚೆ ದಿನವೂ ಕೇಳುವಳು: "ತಗಂಡ್ರಾ ಸಾಹೇಬ್ರ? ಹಾಕ್ಲಾ ಮೇವು?"

"ತಗೊಂಡೆ ಅಕ್ಕಾ, ಹಾಕಿ."

ನಾನು ತಗೊಂಡೆ ಎನ್ನುವವರೆಗೆ ಅವಳು ಒಂದು ಗರಿಯನ್ನೂ ಹಾಕುತ್ತಿರಲಿಲ್ಲ. ಗೌರಿ ಸೊಂಡಿಲು ಚಾಚಿ ಹೊರೆ ಎಳೆಯಲು ಹೋದರೆ, "ತಡಿಯವ್ವಾ, ಸಾಹೇಬ್ರ ಕೆಲಸ ಆಗ್ಲಿ, ನಿನ್ನ ಒಳ್ಳೇದಕ್ಕೇ ಮಾಡಾಕೆ ಹತ್ಯಾರೆ" ಎಂದು ಸಮಾಧಾನ ಮಾಡುವಳು. ತೆಗೆಯದ ಜೊಲ್ಲಿಗಾಗಿ ಆ ಆನೆ ದಿನಾ ಹಸಿದು ಕಾಯುತ್ತಿತ್ತು. ಇದನ್ನು ಬರೆಯುವಾಗಲೂ — ಇರಲಿ.

ಜಗಳೂರಿಗೆ ಬಂದಾಗ ಬಿಸಿಲು ಜೋರಾಗಿತ್ತು. ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಪ್ರೊಫೆಸರರು ಇಳಿದರು. ಅವರನ್ನು ನೋಡಿದ ಕೂಡಲೇ ಸಿಕ್ಕಿಬಿದ್ದೆ ಎಂದುಕೊಂಡು ಬೆವೆತೆ. ಅವರು ಬಂದು ನನ್ನ ಕೈ ಕುಲುಕಿದರು!

ಹುಣಸೆ ಮರದ ನೆರಳಲ್ಲಿ ಜೂ ಮಾಲೀಕರು, ರುದ್ರಪ್ಪ, ಗಿರಿಜಕ್ಕ ಎಲ್ಲರನ್ನೂ ಸೇರಿಸಿ ಹೇಳಿದರು — ಚಂಪಾ ಚೆನ್ನಾಗಿದ್ದಾಳೆ, ಅಲೆದಾಟ ಅವಳಿಗೆ ಒಗ್ಗಿದೆ. ಗೌರಿಯದು ಹಾಗಲ್ಲ. ಚನ್ನಗಿರಿ ಬಿಟ್ಟ ಮೇಲೆ ಅವಳ ಸಂಕಟ ವಿಪರೀತ ಏರಿದೆ, ಇಳಿದೇ ಇಲ್ಲ. ಹೀಗೇ ಬಿಟ್ಟರೆ ಕಾಯಿಲೆ ಬೀಳುತ್ತಾಳೆ. ದೊಡ್ಡ ಊರಿನ ಮೃಗಾಲಯದವರ ಜೊತೆ ಮಾತಾಡಿದ್ದೇನೆ, ಅವಳನ್ನು ತೆಗೆದುಕೊಳ್ಳುತ್ತಾರೆ, ಅಲ್ಲಿ ಅಲೆದಾಟವಿಲ್ಲ, ಕೊಳ ಇದೆ, ನೆರಳಿದೆ. ಹೇಳುತ್ತ ಅವರ ಕಣ್ಣು ತೇವವಾಗಿತ್ತು. ಇಷ್ಟು ದಿನ ಯಾರಿಗೂ ಕೇಳಿಸದ ಆನೆಯ ಅಳು ತಮಗೆ ಕೇಳಿಸಿತಲ್ಲ ಎಂಬ ಧನ್ಯತೆ.

ಮಾಲೀಕರು ಸ್ವಲ್ಪ ಹೊತ್ತು ಮೀಸೆ ತಿರುವಿದರು. "ದೊಡ್ಡೋರು ಹೇಳಾಕೆ ಹತ್ತೀರಿ ಅಂದ್ಮ್ಯಾಲೆ ಏನೈತ್ರೀ. ಮೂಕಪ್ರಾಣಿ ಶಾಪ ನಮಗ್ಯಾಕೆ" ಎಂದರು.

ಗಿರಿಜಕ್ಕ ನಕ್ಕಳು. ತಮಾಷೆ ಮಾಡುತ್ತಿದ್ದಾರೆ ಎಂದೇ ಅವಳು ತಿಳಿದದ್ದು. "ಯಾರಿಗ್ರೀ ಸಂಕಟ? ಗೌರಿಗಾ? ಉಂತಾಳೆ, ಮಲಗ್ತಾಳೆ, ನಾ ಎಲೆ ಹಾಕಾಕೆ ಕುಂತ್ರೆ ಸಂಚಿ ಕಸ್ಗಂತಾಳೆ. ಸಂಕಟ ಇದ್ದೋರು ಹಿಂಗೆ ಇರ್ತಾರೇನ್ರೀ?"

"ಅಮ್ಮಾ, ಇದು ಹೊರಗೆ ಕಾಣೋದಲ್ಲ. ಒಳಗಿನದು. ನಮ್ಮ ಕಣ್ಣಿಗೆ ಕಾಣಲ್ಲ ಅಂತಲೇ ಪರೀಕ್ಷೆ ಮಾಡೋದು" ಎಂದರು ಪ್ರೊಫೆಸರರು, ಬಹಳ ಮೃದುವಾಗಿ. ಗದರಿದ್ದರೆ ಗಿರಿಜಕ್ಕ ಜಗಳ ತೆಗೆಯುತ್ತಿದ್ದಳು. ಆ ಮೃದುತನಕ್ಕೆ ಅವಳ ನಗು ಆರಿತು. ನನ್ನ ಕಡೆ ತಿರುಗಿದಳು.

"ಸಾಹೇಬ್ರ, ನೀವು ದಿನಾ ಅವಳ ಬಾಯಾಗೆ ಕೈ ಹಾಕ್ದೋರು. ನೀವು ಹೇಳ್ರಿ. ನಿಜಾನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ಬೇಕಾಗಿದ್ದದ್ದು ಒಂದೇ ಮಾತು. ಅದು ಗಂಟಲಿನವರೆಗೂ ಬಂದಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಂದಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ — ಸದ್ಯ, ಸಿಕ್ಕಿಬೀಳಲಿಲ್ಲ.

"ನಿಜ ಅಕ್ಕಾ" ಎಂದೆ.

ಗೌರಿಯನ್ನು ಸಾಗಿಸುವ ದಿನ ಅವಳು ಲಾರಿಯ ಹಲಗೆ ಹತ್ತಲೊಲ್ಲಳು. ಬೆಲ್ಲ ತೋರಿಸಿದರು, ಹಗ್ಗ ಹಾಕಿದರು. ಚಂಪಾ ಆಚೆ ಕಟ್ಟಿದಲ್ಲಿಂದಲೇ ಕೂಗುತ್ತಿದ್ದಳು. ಕೊನೆಗೆ ಗಿರಿಜಕ್ಕ ತಾನೇ ಹಲಗೆ ಹತ್ತಿ ಲಾರಿಯೊಳಗೆ ಹೋಗಿ ನಿಂತು, "ಬಾರವ್ವಾ" ಎಂದಳು. ಗೌರಿ ಸುಮ್ಮನೆ ಹತ್ತಿದಳು. ಪಕ್ಕದ ಕಂಬಿಗಳ ಸಂದಿನಿಂದ ಗಿರಿಜಕ್ಕ ನುಸುಳಿ ಕೆಳಗಿಳಿದಳು. ಹಿಂದಿನ ಬಾಗಿಲು ಹಾಕಿದರು. ಲಾರಿ ಓಡಿಸಿದವನು ರುದ್ರಪ್ಪನೇ. ಬೇರೆ ಡ್ರೈವರು ಇರಲಿಲ್ಲ. ಅವನು ವಾಪಸು ಬಂದ ಮೇಲೆ ಅವಳು ಬಹಳ ದಿನ ಅವನ ಜೊತೆ ಮಾತು ಬಿಟ್ಟಳಂತೆ. ಮೊದಲೇ ಮಾತು ಕಡಿಮೆಯಿದ್ದ ಆ ಮನುಷ್ಯನ ಮನೆಯಲ್ಲಿ ಇದ್ದ ಒಂದು ದನಿಯನ್ನೂ ನಾನು ನಿಲ್ಲಿಸಿದೆ.

ಪ್ರೊಫೆಸರರು ಆ ವಿಷಯದ ಬಗ್ಗೆ ಪ್ರಬಂಧ ಓದಿದರು, ನನ್ನನ್ನು ಹೊಗಳಿದರು. ನನ್ನ ಕೆಲಸ ಕಾಯಂ ಆಯಿತು. ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅವರಿಗೆ ಹೇಳಬೇಕಾಗಿದ್ದ ಮಾತೂ ನನ್ನಲ್ಲೇ ಉಳಿಯಿತು.

ಇನ್ನೊಂದು ವಿಷಯ. ನನ್ನೊಳಗಿನ ಚಿಂತೆಯೇ ಆ ಸೀಸೆಗಳಲ್ಲಿ ಕಂಡದ್ದು, ನನ್ನ ಸಂಕಟವನ್ನೇ ಅವರು ಅಳೆದದ್ದು ಎಂದು ಬಹಳ ಕಾಲ ನಂಬಿದ್ದೆ. ಅದರಲ್ಲಿ ಒಂದು ಬಗೆಯ ಜಂಭವೂ ಇತ್ತೆನ್ನಿ — ಜಗತ್ತಿನಲ್ಲಿ ಚಿಂತೆಗೆ ಅಧಿಕೃತ ಅಂಕಿ ಪಡೆದ ಮನುಷ್ಯ ನಾನೊಬ್ಬನೇ! ಆಮೇಲೆ ಗೊತ್ತಾಯಿತು, ಮನುಷ್ಯನ ಜೊಲ್ಲಿನ ಲೆಕ್ಕವೇ ಬೇರೆ, ಆನೆಯ ಲೆಕ್ಕವೇ ಬೇರೆ. ನೆಮ್ಮದಿಯಾಗಿ ನಿದ್ದೆ ಮಾಡಿ ಎದ್ದವನ ಜೊಲ್ಲನ್ನು ಆನೆಯ ಅಳತೆಯಲ್ಲಿ ನೋಡಿದರೂ ವಿಪರೀತವೆಂದೇ ಕಾಣುತ್ತದೆ. ಹಾಗಾಗಿ ಆ ಅಂಕಿ ಗೌರಿಯ ಬಗ್ಗೆಯೂ ಏನೂ ಹೇಳಲಿಲ್ಲ, ನನ್ನ ಬಗ್ಗೆಯೂ ಏನೂ ಹೇಳಲಿಲ್ಲ. ಏನೂ ಅಲ್ಲದ ಒಂದು ಅಂಕಿ ಒಂದು ಆನೆಯನ್ನು ಲಾರಿ ಹತ್ತಿಸಿತು.

ಮಕ್ಕಳಿಗೆ ರಜೆ ಇದ್ದಾಗ ಒಮ್ಮೆ ಆ ದೊಡ್ಡ ಊರಿನ ಮೃಗಾಲಯಕ್ಕೆ ಹೋಗಿದ್ದೆ. ಹೆಂಡತಿಯೇ ಹೊರಡಿಸಿದ್ದು. ಗೌರಿ ಇದ್ದಳು. ಕಿವಿಯ ಅಂಚಿನ ಹರಕಿನಿಂದ ಗುರುತು ಹಿಡಿದೆ. ಕೊಳ ಇತ್ತು, ನೆರಳಿತ್ತು, ಬೇರೆ ಆನೆಗಳೂ ಇದ್ದವು — ಪ್ರೊಫೆಸರರು ಸುಳ್ಳು ಹೇಳಿರಲಿಲ್ಲ. ಅವಳು ಕಂದಕದ ಅಂಚಿಗೆ ಬಂದು ಜನರ ಕಡೆ ಸೊಂಡಿಲು ಚಾಚಿದಳು. ನಾನು ಹೆಂಡತಿಯ ಹಿಂದೆ ಅಡಗಿಕೊಂಡೆ. "ಕಂದಕ ಇದೆಯಲ್ಲರೀ, ಇಲ್ಲಿಗೆ ಹ್ಯಾಗೆ ಬರುತ್ತೆ?" ಎಂದು ಅವಳು ನಕ್ಕಳು. ಮಕ್ಕಳೂ ನಕ್ಕರು. ಅಲ್ಲಿ ಅವಳು ಸುಖವಾಗಿರಬಹುದು. ನಮ್ಮ ಬಿಸಿಲಿನ ಮೈದಾನಗಳಿಗಿಂತ ಅದು ವಾಸಿಯೇ ಇರಬಹುದು. ಈ ಯೋಚನೆ ನನಗೆ ಎಷ್ಟು ಸಲ ಆಸರೆಯಾಗಲು ಬಂದಿದೆಯೋ — ಪ್ರತಿ ಸಲವೂ ಅದನ್ನು ದೂಡಬೇಕಾಗಿದೆ. ಸುಖವಾಗಿದ್ದರೆ ಅದು ನಾನು ಮಾಡಿದ್ದಲ್ಲ. ನಾನು ಮಾಡಿದ್ದು ಒಂದೇ: ಆ ಆನೆಯನ್ನು ಹೇಗಿದ್ದೀಯ ಎಂದು ಕೇಳಿದಾಗ, ಅವಳ ಬದಲು ನಾನು ಉತ್ತರ ಕೊಟ್ಟೆ.

ಇಷ್ಟು ಕಾಲ ಬಚ್ಚಿಟ್ಟದ್ದನ್ನು ಈಗೇಕೆ ಬರೆಯುತ್ತಿದ್ದೇನೆ ಎಂದರೆ, ಹೋದ ತಿಂಗಳು ಹೊನ್ನಾಳಿಯ ಬಸ್‌ ನಿಲ್ದಾಣದಲ್ಲಿ ಗಿರಿಜಕ್ಕ ಸಿಕ್ಕಿದಳು.

ನಾನು ಗುರುತು ಹಿಡಿಯಲಿಲ್ಲ, ಅವಳೇ ಹಿಡಿದಳು. "ಜೊಲ್ಲಿನ ಡಾಕ್ಟ್ರು ಅಲ್ಲೇನ್ರೀ?" ಎಂದು ಇಡೀ ನಿಲ್ದಾಣಕ್ಕೆ ಕೇಳಿಸುವಂತೆ ಕೂಗಿದಳು. ಆ ಜೂ ಮುಚ್ಚಿಹೋಗಿದೆ. ಚಂಪಾ ಯಾವುದೋ ಸರ್ಕಸ್ಸಿನವರ ಪಾಲಾಗಿದ್ದಾಳೆ. ರುದ್ರಪ್ಪ ಅಡಿಕೆ ಮಂಡಿಯೊಂದರ ಲಾರಿ ಓಡಿಸುತ್ತಾನೆ. ಗಿರಿಜಕ್ಕ ನ್ಯಾಮತಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿ ಇಟ್ಟಿದ್ದಾಳೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಗೌರಿಯ ಮಾತು ನಾನು ಎತ್ತಲಿಲ್ಲ, ಅವಳೇ ಎತ್ತಿದಳು.

"ನೋಡಿದ್ರೇನು ಅವಳನ್ನ?"

"ನೋಡಿದೆ. ಚೆನ್ನಾಗಿದ್ದಾಳೆ." ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು! "ನೀವು ಹೋಗಿದ್ರಾ ಅಕ್ಕಾ?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಲ್ರೀ. ನಮ್ಮ ಮನೆಯವರು ಎಷ್ಟೋ ಸಲ ಕರೆದ್ರು, ಮಂಡಿ ಲಾರಿ ಆ ಕಡೆಗೇ ಹೋಗ್ತೈತೆ, ಬಾ ಅಂತ. ಯಾವ ಮುಖ ಇಟ್ಕಂಡು ಹೋಗ್ಲಿ? ಮರಿಯಿಂದ ಸಾಕ್ದಾಕಿ ನಾನು. ಅಷ್ಟು ಸಂಕಟ ಪಡಾಕೆ ಹತ್ತಿದ್ಲಂತೆ, ನನ್ನ ಕಣ್ಣಿಗೆ ಕಾಣಲೇ ಇಲ್ಲ ನೋಡ್ರಿ. ಎಲೆ ಸಂಚಿ ಕಸ್ಗಂಡ್ರೆ ಆಟ ಅಂದ್ಕಂಡೆ. ಅದು ಆಟ ಅಲ್ಲೇನೋ, ಏನ್ ಹೇಳಾಕೆ ಬಂದಿದ್ಲೋ… ನೀವು ದೊಡ್ಡೋರು ಕಂಡುಹಿಡಿದ್ರಿ, ಪುಣ್ಯ ಬರ್ಲಿ ನಿಮಗೆ. ಇಲ್ಲಾಂದ್ರೆ ನನ್ ಕೈಯಾಗೇ ಕೊರಗಿ ಸಾಯ್ತಿದ್ಲು."

ಬಸ್ಸು ಬಂತು. "ಬರ್ತೀನ್ರೀ ಸಾಹೇಬ್ರ, ನ್ಯಾಮತಿಗೆ ಬಂದ್ರೆ ಗಾಡಿ ತಾವ ಬರ್ರಿ, ಮೆಣಸಿನಕಾಯಿ ತಿನ್ನೀರಂತೆ" ಎಂದು ಹತ್ತಿ ಹೋದಳು. ನನಗೆ ಪುಣ್ಯ ಬರಲಿ ಎಂದು ಹಾರೈಸಿ ಹೋದಳು.

ಆನೆಯನ್ನು ಅಗಲಿಸಿದೆ, ಅದೇ ನನ್ನ ತಪ್ಪು ಎಂದು ಇಷ್ಟು ವರ್ಷ ತಿಳಿದಿದ್ದೆ. ಗೌರಿಗೆ ತಾನು ತಕ್ಕವಳಲ್ಲ ಎಂದು ಗಿರಿಜಕ್ಕನೇ ನಂಬುವಂತೆ ಮಾಡಿದ್ದೇನೆ ಎಂದು ತಿಳಿದಿರಲಿಲ್ಲ. ತನ್ನ ಎರಡು ಕಣ್ಣುಗಳನ್ನು ಅವಳು ಬಿಟ್ಟುಕೊಟ್ಟು ನನ್ನ ಸೀಸೆಯನ್ನು ನಂಬಿದಳು. ಗೌರಿಯ ಜೊತೆ ನಕ್ಕು ನಲಿದದ್ದೆಲ್ಲ ಈಗ ಅವಳ ಪಾಲಿಗೆ ಅಪರಾಧವಾಗಿ ಕೂತಿದೆ. ರುದ್ರಪ್ಪನ ಲಾರಿ ಆ ಊರಿಗೆ ಹೋದಾಗಲೆಲ್ಲ ಅವಳು ನ್ಯಾಮತಿಯಲ್ಲೇ ಉಳಿದಿದ್ದಾಳೆ, ನಾಚಿಕೆಯಿಂದ. ಮತ್ತು ನಾನು ಅಲ್ಲಿ, ಬಸ್ಸಿನ ಪಕ್ಕದಲ್ಲಿ, ಮತ್ತೊಮ್ಮೆ — ಎರಡನೆಯ ಸಲ — ನಿಜ ಹೇಳದೆ ನಿಂತಿದ್ದೆ.

ನಾಳೆ ಬೆಳಿಗ್ಗೆ ನ್ಯಾಮತಿಗೆ ಹೋಗುತ್ತೇನೆ. ಅವಳು ಗಾಡಿಯ ಹತ್ತಿರ ಇರದಿದ್ದರೆ ಎಂಬ ಚಿಂತೆ ಈಗಾಗಲೇ ಶುರುವಾಗಿದೆ. ಇದ್ದರೆ ಎಂಬ ಚಿಂತೆ ಅದಕ್ಕಿಂತ ದೊಡ್ಡದು. ಕಾದ ಎಣ್ಣೆಯ ಬಾಂಡ್ಲೆ ಅವಳ ಕೈಗೆಟಕುವಲ್ಲೇ ಇರುತ್ತದೆ ಎಂಬುದನ್ನೂ ಯೋಚಿಸಿಬಿಟ್ಟಿದ್ದೇನೆ. ಬಯ್ಯಲಿ, ಊರ ಜನರನ್ನು ಸೇರಿಸಲಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಟ್ಟಾಳು, ಆ ಹೊರೆಯನ್ನೂ ಅವಳ ಮೇಲೆ ಹಾಕಿದಂತಾಗುತ್ತದೆ.

ಅವಳು ಕೇಳುತ್ತಾಳೆ ಎಂದು ಗೊತ್ತು: ಹಂಗಾರೆ ನನ್ನ ಗೌರಿ ಚೆನ್ನಾಗಿದ್ಲೇನ್ರೀ? ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹಾಗೆಂದೇ ಹೇಳುತ್ತೇನೆ — ನನಗೆ ಗೊತ್ತಿಲ್ಲ ಅಕ್ಕಾ, ಯಾವ ಪರೀಕ್ಷೆಗೂ ಗೊತ್ತಿಲ್ಲ, ನೀವು ಕಂಡದ್ದನ್ನು ಬಿಟ್ಟರೆ ಅವಳ ಬಗ್ಗೆ ಬೇರೆ ಸಾಕ್ಷಿ ಎಲ್ಲೂ ಇಲ್ಲ. ಗೌರಿ ಬದುಕಿದ್ದಾಳೆ. ಆ ಕಡೆ ಹೋಗುವ ಲಾರಿಯೂ ಇದೆ. ಹತ್ತುವುದು ಬಿಡುವುದು ನಿಮಗೆ ಸೇರಿದ್ದು. ನಾಚಿಕೆ ಮಾತ್ರ ನಿಮ್ಮದಲ್ಲ, ಅದನ್ನು ಇಲ್ಲಿ ಕೊಟ್ಟುಬಿಡಿ.